ಈಜಿಪ್ತ ದೇಶದ ಚಿತ್ರಲಿಪಿಯು ಮರಳಿ ಮಾತನಾಡಿದ ಬಗೆ



ಬಾಯಿಂದ ಆಡಿದ ಮಾತು ಅಳಿಯುತ್ತದೆ, ಬರೆದಿಟ್ಟ ಮಾತು ಉಳಿಯುತ್ತದೆ ಎಂಬುದು ಲೋಕದ ಸಾಮಾನ್ಯವಾದ ಅಭಿಪ್ರಾಯವು. ಈಜಿಪ್ತ ದೇಶದ ಪ್ರಾಚೀನ ಲಿಪಿಯ ಚರಿತ್ರೆಯಾದರೋ ಈ ಅಭಿಪ್ರಾಯವನ್ನು ಅಷ್ಟು ಸುಲಭವಾಗಿ ಒಪ್ಪಗೊಡುವುದಿಲ್ಲ. ಅಲ್ಲಿ ಕಲ್ಲಿನ ಮೇಲಿನ ಬರಹವು ಅಳಿಯದೆ ನಿಂತಿದ್ದರೂ, ಓದುವವರಿಲ್ಲದೆ ಸಾವಿರದ ನಾನೂರು ವರ್ಷಗಳ ಕಾಲ ಮೂಕವಾಗಿದ್ದಿತು. ಅದಕ್ಕೆ ಮರಳಿ ಮಾತು ಬಂದುದು, ಅಲ್ಪಸಂಖ್ಯಾತರಾದ ಜನರು ತಮ್ಮ ಪ್ರಾರ್ಥನೆಗಳಲ್ಲಿ ಉಚ್ಚರಿಸುತ್ತ ಉಳಿಸಿಕೊಂಡು ಬಂದಿದ್ದ ಒಂದು ನುಡಿಯ ಸಹಾಯದಿಂದ.

ನೈಲ್ ನದಿಯ ತೀರದಲ್ಲಿ ಈ ಲಿಪಿಯು ಕ್ರಿ.ಪೂ. ೩೨೦೦ರ ಸುಮಾರಿಗೆ ಹುಟ್ಟಿ, ಮೂರು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬಳಕೆಯಲ್ಲಿದ್ದಿತು. ಹಕ್ಕಿ, ಹಾವು, ಸಿಂಹ, ಕಣ್ಣು, ಕೈ, ಸೂರ್ಯಬಿಂಬ ಮೊದಲಾದ ನೂರಾರು ಚಿತ್ರಗಳೇ ಅದರ ಚಿಹ್ನೆಗಳು. ದೇವಾಲಯಗಳ ಗೋಡೆಗಳಲ್ಲಿಯೂ ಅರಸರ ಸಮಾಧಿಗಳಲ್ಲಿಯೂ ಕಾಣುತ್ತಿದ್ದುದರಿಂದ ಗ್ರೀಕರು ಅದನ್ನು ಪವಿತ್ರವಾದ ಕೆತ್ತನೆಯೆಂದು ಕರೆದರು. ನಿತ್ಯದ ವ್ಯವಹಾರಕ್ಕೆ ಕೈಯೋಟದಿಂದ ಬೇಗನೆ ಬರೆಯಲು ಬರುವ ಬೇರೆ ಲಿಪಿಗಳಿದ್ದವು; ಅವುಗಳಲ್ಲಿ ಕಡೆಯದು ದೆಮೋತಿಕ್ ಎಂಬ ಜನಬಳಕೆಯ ಲಿಪಿ. ಕ್ರಿ.ಪೂ. ೩೩೨ರಲ್ಲಿ ಅಲೆಕ್ಸಾಂಡರನು ದೇಶವನ್ನು ಗೆದ್ದ ಬಳಿಕ ಗ್ರೀಕ್ ಭಾಷೆಯು ರಾಜಭಾಷೆಯಾಯಿತು. ಮುಂದೆ ರೋಮಿನ ಆಳಿಕೆ ಬಂದಿತು, ಕ್ರಿಸ್ತಮತವು ಹಬ್ಬಿತು, ನಾಲ್ಕನೆಯ ಶತಮಾನದ ಕೊನೆಯಲ್ಲಿ ಚಕ್ರವರ್ತಿಯ ಆಜ್ಞೆಯಿಂದ ಹಳೆಯ ದೇವಾಲಯಗಳ ಪೂಜೆಗೆ ನಿಷೇಧವುಂಟಾಯಿತು. ಚಿತ್ರಲಿಪಿಯ ವಿದ್ಯೆಯು ಆ ದೇವಾಲಯಗಳ ಅರ್ಚಕರಲ್ಲಿ ಮಾತ್ರವೇ ಉಳಿದಿದ್ದುದರಿಂದ, ಗುರುವಿನಿಂದ ಶಿಷ್ಯನಿಗೆ ಬರುತ್ತಿದ್ದ ಪಾಠವು ನಿಂತೊಡನೆ ವಿದ್ಯೆಯೂ ನಿಂತಿತು. ಕಾಲವು ನಿಶ್ಚಿತವಾಗಿ ತಿಳಿದಿರುವ ಚಿತ್ರಲಿಪಿಯ ಕಡೆಯ ಶಾಸನವು ಫಿಲೇ ಎಂಬ ದ್ವೀಪದ ದೇವಾಲಯದಲ್ಲಿದ್ದು, ಕ್ರಿ.ಶ. ೩೯೪ನೆಯ ವರ್ಷದ ಆಗಸ್ಟ್ ೨೪ನೆಯ ದಿನದ್ದಾಗಿರುತ್ತದೆ.

ವಿದ್ಯೆಯು ಹೋದಲ್ಲಿ ಊಹೆಯು ಬಂದು ಕುಳಿತಿತು. ಐದನೆಯ ಶತಮಾನದ ಹೋರಾಪೋಲೋ ಎಂಬವನ ಹೆಸರಿನಲ್ಲಿ ಗ್ರೀಕ್ ಭಾಷೆಯ ಒಂದು ಗ್ರಂಥವುಂಟು. ಪ್ರತಿಯೊಂದು ಚಿತ್ರವೂ ಒಂದು ಗೂಢವಾದ ತತ್ತ್ವದ ಸಂಕೇತವೆಂದು ಅದು ಬೋಧಿಸುತ್ತದೆ. ಬಾತಿನಂಥ ಹಕ್ಕಿಯ ಚಿತ್ರಕ್ಕೆ ಮಗನೆಂದರ್ಥ. ಏಕೆಂದರೆ ಆ ಹಕ್ಕಿಗೆ ತನ್ನ ಮರಿಗಳಲ್ಲಿ ಅತಿಶಯವಾದ ಪ್ರೀತಿಯು ಎಂಬುದು ಅದರ ವಿವರಣೆ. ೧೪೧೯ರಲ್ಲಿ ಈ ಗ್ರಂಥದ ಪ್ರತಿಯೊಂದು ದೊರೆತು ಇಟಲಿಗೆ ಬಂದ ಮೇಲೆ ಯುರೋಪಿನ ಪಂಡಿತರೆಲ್ಲರೂ ಅದನ್ನೇ ಪ್ರಮಾಣವೆಂದು ಹಿಡಿದರು. ಹದಿನೇಳನೆಯ ಶತಮಾನದ ಮಹಾಪಂಡಿತನಾದ ಅಥನಾಸಿಯಸ್ ಕಿರ್ಖರನು ಅದೇ ದಾರಿಯಲ್ಲಿ ನಡೆದು, ಅರಸನ ಹೆಸರು ಮಾತ್ರವಿದ್ದ ಕೆಲವು ಚಿಹ್ನೆಗಳಲ್ಲಿ ದೀರ್ಘವಾದ ವೇದಾಂತವನ್ನೇ ಕಂಡನು. ಆದರೆ ಆತನಿಂದ ಒಂದು ದೊಡ್ಡ ಉಪಕಾರವೂ ಆಯಿತು. ಈಜಿಪ್ತದ ಕ್ರೈಸ್ತರಾದ ಕಾಪ್ಟ್ ಜನರ ನುಡಿಯು ಆ ದೇಶದ ಪ್ರಾಚೀನ ಭಾಷೆಯ ಸಂತತಿಯೇ ಎಂದು ಆತನು ಸಾರಿ, ಅದರ ವ್ಯಾಕರಣವನ್ನೂ ಕೋಶವನ್ನೂ ೧೬೪೩ರಲ್ಲಿ ಪ್ರಕಟಿಸಿದನು.

ಈ ಕಾಪ್ಟಿಕ್ ನುಡಿಯು ಗ್ರೀಕ್ ಅಕ್ಷರಗಳಲ್ಲಿ ಬರೆಯಲ್ಪಡುತ್ತದೆ. ಗ್ರೀಕಿನಲ್ಲಿಲ್ಲದ ಧ್ವನಿಗಳಿಗಾಗಿ ಕೆಲವು ಅಕ್ಷರಗಳನ್ನು ಮಾತ್ರ ಹಳೆಯ ದೆಮೋತಿಕ್ ಲಿಪಿಯಿಂದ ತೆಗೆದುಕೊಂಡಿದ್ದಾರೆ. ಏಳನೆಯ ಶತಮಾನದಲ್ಲಿ ಅರಬರು ದೇಶವನ್ನು ಗೆದ್ದ ಮೇಲೆ ಅರಬ್ಬೀ ಭಾಷೆಯು ಕ್ರಮವಾಗಿ ಮನೆಮಾತಾಯಿತು. ಕಾಪ್ಟಿಕ್ಕು ಪೇಟೆಬೀದಿಗಳಿಂದ ಹಿಂದೆ ಸರಿದು ಪ್ರಾರ್ಥನಾಮಂದಿರವನ್ನು ಸೇರಿತು. ಅರ್ಥವನ್ನು ಪೂರ್ಣವಾಗಿ ಬಲ್ಲವರು ವಿರಳರಾದರೂ ಪಠನವು ಮಾತ್ರ ನಿಲ್ಲಲಿಲ್ಲ.

೧೭೯೯ನೆಯ ವರ್ಷದ ಜುಲೈ ತಿಂಗಳಿನಲ್ಲಿ, ನೆಪೋಲಿಯನ್ನನ ಫ್ರೆಂಚ್ ಸೈನಿಕರು ರಶೀದ್ ಎಂಬ ಊರಿನ ಸಮೀಪದ ಹಳೆಯ ಕೋಟೆಯನ್ನು ದುರಸ್ತಿ ಮಾಡುತ್ತಿರಲು, ಅಕ್ಷರಗಳುಳ್ಳ ಒಂದು ಕರಿಯ ಕಲ್ಲು ದೊರೆಯಿತು. ಆ ಊರನ್ನು ಯುರೋಪಿನವರು ರೊಸೆಟಾ ಎನ್ನುತ್ತಿದ್ದುದರಿಂದ ಅದಕ್ಕೆ ರೊಸೆಟಾ ಶಿಲೆಯೆಂದು ಹೆಸರಾಯಿತು. ಮೇಲೆ ಚಿತ್ರಲಿಪಿ, ನಡುವೆ ದೆಮೋತಿಕ್, ಕೆಳಗೆ ಗ್ರೀಕ್; ಹೀಗೆ ಮೂರು ಬಗೆಯ ಬರಹಗಳು ಅದರಲ್ಲಿದ್ದವು. ಕ್ರಿ.ಪೂ. ೧೯೬ರಲ್ಲಿ ಐದನೆಯ ಟಾಲೆಮಿ ಅರಸನ ಗೌರವಾರ್ಥವಾಗಿ ಅರ್ಚಕರು ಮಾಡಿದ ನಿರ್ಣಯವದು. ಇದನ್ನು ಮೂರು ಲಿಪಿಗಳಲ್ಲಿಯೂ ಕೆತ್ತಿಸತಕ್ಕದ್ದೆಂದು ಗ್ರೀಕ್ ಪಾಠದ ಕೊನೆಯಲ್ಲಿಯೇ ಹೇಳಿದ್ದುದರಿಂದ ಮೂರರ ವಿಷಯವೂ ಒಂದೇ ಎಂಬುದು ಸ್ಪಷ್ಟವಾಯಿತು. ಯುದ್ಧದಲ್ಲಿ ಫ್ರೆಂಚರು ಸೋತುದರಿಂದ ಶಿಲೆಯು ಇಂಗ್ಲಿಷರ ವಶವಾಗಿ, ೧೮೦೨ರಿಂದ ಲಂಡನ್ ಪಟ್ಟಣದ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುತ್ತದೆ.

ಆದರೆ ಕಲ್ಲು ದೊರೆತ ಮಾತ್ರದಿಂದ ಲಿಪಿಯು ತಿಳಿಯಲಿಲ್ಲ. ಇಪ್ಪತ್ತಮೂರು ವರ್ಷಗಳು ಕಳೆದವು. ಸ್ವೀಡನ್ನಿನ ಓಕರ್‌ಬ್ಲಾದನು ೧೮೦೨ರಲ್ಲಿ ದೆಮೋತಿಕ್ ಭಾಗದ ಕೆಲವು ಹೆಸರುಗಳನ್ನು ಓದಿದನು. ಇಂಗ್ಲಂಡಿನ ವೈದ್ಯನೂ ವಿಜ್ಞಾನಿಯೂ ಆದ ಥಾಮಸ್ ಯಂಗನು, ಅಂಡಾಕಾರದ ರೇಖೆಯೊಳಗೆ ಬರೆದ ಚಿಹ್ನೆಗಳು ಟಾಲೆಮಿಯ ಹೆಸರೇ ಎಂದು ಗುರುತಿಸಿ, ಅವುಗಳಲ್ಲಿ ಕೆಲವಕ್ಕೆ ಸರಿಯಾದ ಧ್ವನಿಯನ್ನು ೧೮೧೯ರಲ್ಲಿ ಪ್ರಕಟಿಸಿದನು. ಆದರೆ ಪರದೇಶದ ಹೆಸರುಗಳನ್ನು ಬರೆಯುವಾಗ ಮಾತ್ರ ಚಿತ್ರಗಳು ಧ್ವನಿಯನ್ನು ಸೂಚಿಸುತ್ತವೆ, ಉಳಿದೆಡೆಯಲ್ಲಿ ಅವು ಭಾವಸಂಕೇತಗಳೇ ಎಂಬ ಹಳೆಯ ಮತವನ್ನು ಆತನು ಬಿಡಲಾರದೆ ಹೋದನು.

ಆ ಮತವನ್ನು ಬಿಟ್ಟವನು ಫ್ರಾನ್ಸ್ ದೇಶದ ಶಾಂಪೋಲಿಯೋನನು. ಈತನು ೧೭೯೦ರಲ್ಲಿ ಫಿಜಾಕ್ ಎಂಬ ಊರಿನಲ್ಲಿ ಪುಸ್ತಕ ಮಾರುವವನೊಬ್ಬನ ಮಗನಾಗಿ ಹುಟ್ಟಿ, ಅಣ್ಣನ ಆಶ್ರಯದಲ್ಲಿ ವಿದ್ಯಾವಂತನಾದನು. ಪ್ಯಾರಿಸ್ಸಿನಲ್ಲಿ ಓದುತ್ತಿದ್ದಾಗ, ಈಜಿಪ್ತದಿಂದ ಬಂದಿದ್ದ ಕಾಪ್ಟ್ ಪಾದ್ರಿಯೊಬ್ಬನಿಂದ ಆ ನುಡಿಯ ಪಾಠವನ್ನು ಪಡೆದನು. ತನ್ನೊಡನೆ ತಾನೇ ಕಾಪ್ಟಿಕ್ಕಿನಲ್ಲಿ ಮಾತನಾಡಿಕೊಳ್ಳುತ್ತಿರುವೆನೆಂದು ಅಣ್ಣನಿಗೆ ಬರೆದನು. ಇಷ್ಟಾದರೂ ೧೮೨೧ರಲ್ಲಿ ಪ್ರಕಟಿಸಿದ ಪುಸ್ತಿಕೆಯಲ್ಲಿ ಆತನೂ ಈ ಚಿಹ್ನೆಗಳು ವಸ್ತುಗಳ ಸಂಕೇತಗಳೇ ಹೊರತು ಧ್ವನಿಗಳವಲ್ಲವೆಂದೇ ಹೇಳಿದ್ದನು. ಅದೇ ವರ್ಷದ ಕಡೆಯಲ್ಲಿ ಶಿಲೆಯ ಬರಹವನ್ನು ಎಣಿಸಿ ನೋಡಿದನು. ಗ್ರೀಕ್ ಪಾಠದಲ್ಲಿ ೪೮೬ ಪದಗಳು. ಮುರಿದು ಉಳಿದ ಚಿತ್ರಲಿಪಿಯ ಭಾಗದಲ್ಲಿಯೇ ೧೪೧೯ ಚಿಹ್ನೆಗಳು. ಒಂದೊಂದು ಚಿಹ್ನೆಯೂ ಒಂದೊಂದು ಪದವಾಗಿದ್ದರೆ ಇಷ್ಟು ಚಿಹ್ನೆಗಳು ಬೇಕಾಗುವುದೆಂತು? ತನ್ನದೇ ಸಿದ್ಧಾಂತಕ್ಕೆ ಬಾಧಕವಾದ ಈ ಲೆಕ್ಕವನ್ನು ಆತನು ಮರೆಮಾಚದೆ, ಅದು ತೋರಿದ ದಾರಿಯನ್ನೇ ಹಿಡಿದನು.

೧೮೨೨ರ ಆರಂಭದಲ್ಲಿ, ಫಿಲೇ ದ್ವೀಪದಿಂದ ಇಂಗ್ಲಂಡಿಗೆ ಸಾಗಿಸಿದ್ದ ಸ್ತಂಭವೊಂದರ ಬರಹದ ಪಡಿಯಚ್ಚು ಆತನ ಕೈಸೇರಿತು. ಅದರಲ್ಲಿ ಕ್ಲಿಯೋಪಾತ್ರ ಎಂಬ ರಾಣಿಯ ಹೆಸರಿದ್ದಿತು. ಸಿಂಹದ ಚಿತ್ರವು ಟಾಲೆಮಿಯ ಹೆಸರಿನಲ್ಲಿ ನಾಲ್ಕನೆಯದು, ಇದರಲ್ಲಿ ಎರಡನೆಯದು. ಎರಡು ಕಡೆಯೂ ಅದು 'ಲ'ಕಾರವೇ. ಚೌಕದ ಚಿಹ್ನೆಯು ಅಲ್ಲಿ ಮೊದಲನೆಯದು, ಇಲ್ಲಿ ಐದನೆಯದು. ಎರಡು ಕಡೆಯೂ 'ಪ'ಕಾರವೇ. ರಾಣಿಯ ಹೆಸರಿನಲ್ಲಿ 'ಅ' ಧ್ವನಿಯು ಬರಬೇಕಾದ ಎರಡು ಸ್ಥಾನಗಳಲ್ಲಿಯೂ ಒಂದೇ ಹಕ್ಕಿಯು ಕುಳಿತಿದ್ದಿತು. ಹೀಗೆ ಒಂದು ಹೆಸರು ಇನ್ನೊಂದಕ್ಕೆ ಸಾಕ್ಷಿ ನುಡಿಯಿತು.

ಆದರೆ ಇವು ಗ್ರೀಕ್ ಹೆಸರುಗಳು. ಗ್ರೀಕರು ಬರುವುದಕ್ಕಿಂತ ಬಹಳ ಹಿಂದಿನ ಅರಸರ ಹೆಸರು ಈ ಬಗೆಯಲ್ಲಿ ಓದಬರುವುದೇ ಎಂಬುದೇ ಮುಖ್ಯವಾದ ಪ್ರಶ್ನೆ. ಆ ವರ್ಷದ ಸೆಪ್ಟೆಂಬರ್ ತಿಂಗಳಿನಲ್ಲಿ ಅಬೂ ಸಿಂಬಲ್ ದೇವಾಲಯದ ಬರಹಗಳ ಪ್ರತಿಗಳು ಆತನಿಗೆ ಬಂದವು. ಒಂದು ರಾಜನಾಮದ ಕೊನೆಯಲ್ಲಿ 'ಸ'ಕಾರದ ಚಿಹ್ನೆಯು ಎರಡು ಸಾರಿ ಬಂದಿದ್ದಿತು, ಮೊದಲಿಗೆ ಸೂರ್ಯಬಿಂಬವಿದ್ದಿತು. ಸೂರ್ಯನಿಗೆ ಕಾಪ್ಟಿಕ್ಕಿನಲ್ಲಿ 'ರೇ' ಎಂದು ಹೆಸರು. ನಡುವಣ ಚಿಹ್ನೆಯು ರೊಸೆಟಾ ಶಿಲೆಯಲ್ಲಿ, ಗ್ರೀಕ್ ಪಾಠವು ಜನ್ಮದಿನವೆನ್ನುವೆಡೆಯಲ್ಲಿ ಬಂದಿದ್ದಿತು. ಹುಟ್ಟುವುದಕ್ಕೆ ಕಾಪ್ಟಿಕ್ಕಿನಲ್ಲಿ 'ಮಿಸೆ' ಎನ್ನುತ್ತಾರೆ. ಕೂಡಿಸಿ ಓದಲು ರಾಮ್ಸೆಸ್ ಎಂಬ ಪುರಾತನ ಚಕ್ರವರ್ತಿಯ ಹೆಸರೇ ಎದ್ದುನಿಂತಿತು! ಪ್ರಾರ್ಥನಾಮಂದಿರದ ನುಡಿಯು ಮೂರು ಸಾವಿರ ವರ್ಷಗಳ ಹಿಂದಿನ ಕಲ್ಲಿಗೆ ನಾಲಿಗೆಯಾಯಿತು. ಸೆಪ್ಟೆಂಬರ್ ೨೭ರಂದು ಆತನು ತನ್ನ ಶೋಧವನ್ನು ಪ್ಯಾರಿಸ್ಸಿನ ವಿದ್ವತ್ಸಭೆಯ ಮುಂದೆ ಓದಿದನು.

೧೮೨೪ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಲಿಪಿಯ ಪೂರ್ಣ ಸ್ವರೂಪವು ವಿಶದವಾಯಿತು. ಕೆಲವು ಚಿಹ್ನೆಗಳು ಧ್ವನಿಗೆ, ಕೆಲವು ಇಡಿಯ ಪದಕ್ಕೆ, ಇನ್ನು ಕೆಲವು ಉಚ್ಚಾರವಿಲ್ಲದೆ ಪದವು ಯಾವ ವರ್ಗದ್ದೆಂದು ತೋರುವುದಕ್ಕೆ. ಹೀಗೆ ಮೂರು ಬಗೆಗಳು ಒಂದೇ ವಾಕ್ಯದಲ್ಲಿ ಕೂಡಿಬರುತ್ತವೆ. ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಹಕ್ಕಿಯ ಚಿತ್ರಕ್ಕೆ ಮಗನೆಂಬ ಅರ್ಥವು ನಿಜವೇ. ಆದರೆ ಕಾರಣವು ಮರಿಗಳ ಮೇಲಣ ಪ್ರೀತಿಯಲ್ಲ, ಆ ಹಕ್ಕಿಯ ಹೆಸರಿಗೂ ಮಗನೆಂಬ ಪದಕ್ಕೂ ವ್ಯಂಜನಗಳು ಒಂದೇ ಆಗಿದ್ದುದು. ಅರ್ಥವು ಸರಿಯಿದ್ದು ಹೇತುವು ತಪ್ಪಾಗಿದ್ದರೆ ಪಂಡಿತರು ಎಷ್ಟು ದೂರ ದಾರಿತಪ್ಪುವರೆಂಬುದಕ್ಕೆ ಇದಕ್ಕಿಂತ ನಿದರ್ಶನವು ಬೇಡ.

ಶಾಂಪೋಲಿಯೋನನು ೧೮೨೮ರಲ್ಲಿ ಈಜಿಪ್ತಕ್ಕೆ ಹೋಗಿ ಆ ಗೋಡೆಗಳನ್ನು ಕಣ್ಣಾರೆ ಕಂಡು ಓದಿದನು. ೧೮೩೨ನೆಯ ಮಾರ್ಚ್ ೪ರಂದು ತನ್ನ ನಾಲ್ವತ್ತೊಂದನೆಯ ವಯಸ್ಸಿನಲ್ಲಿ ದೇಹವನ್ನು ಬಿಟ್ಟನು. ಆತನು ಬರೆದಿಟ್ಟಿದ್ದ ವ್ಯಾಕರಣವನ್ನೂ ಕೋಶವನ್ನೂ ಅಣ್ಣನೇ ಮುದ್ರಿಸಿದನು. ಒಪ್ಪದವರು ಬಹುಕಾಲ ಇದ್ದರು. ೧೮೬೬ರಲ್ಲಿ ತಾನಿಸ್ ಎಂಬಲ್ಲಿ ಚಿತ್ರಲಿಪಿಯೂ ಗ್ರೀಕೂ ಇದ್ದ ಮತ್ತೊಂದು ಶಾಸನವು ದೊರೆತು, ಆತನ ಪದ್ಧತಿಯಿಂದ ಓದಿದ ಅರ್ಥವು ಗ್ರೀಕ್ ಪಾಠಕ್ಕೆ ಸರಿಹೋಗಲು, ಸಂದೇಹಕ್ಕೆ ಎಡೆಯಿಲ್ಲದಾಯಿತು.

ಈ ವೃತ್ತಾಂತದಲ್ಲಿ ಕೀರ್ತಿಯು ಶಾಂಪೋಲಿಯೋನನಿಗೆ ಸಂದಿರುವುದು ನ್ಯಾಯವೇ. ಆದರೆ ತಾವು ಯಾವ ನಿಧಿಯನ್ನು ಕಾಯುತ್ತಿರುವೆವೆಂದು ತಿಳಿಯದೆಯೇ ಶತಮಾನಗಳ ಕಾಲ ಹಿರಿಯರ ನುಡಿಯನ್ನು ಪಠಿಸಿದ ಆ ಹೆಸರಿಲ್ಲದ ಕಾಪ್ಟ್ ಜನರಿಗೂ ಅದರಲ್ಲಿ ಪಾಲುಂಟು. ಅವರ ಪಠನವು ನಿಂತುಹೋಗಿದ್ದರೆ ರೊಸೆಟಾ ಶಿಲೆಯಿಂದ ಕೆಲವು ಅರಸರ ಹೆಸರುಗಳು ತಿಳಿಯುತ್ತಿದ್ದವು, ಒಂದು ಜನಾಂಗದ ಮಾತು ತಿಳಿಯುತ್ತಿರಲಿಲ್ಲ. ಗ್ರಂಥವನ್ನು ಗೆದ್ದಲಿನಿಂದ ರಕ್ಷಿಸಿ ಪೆಟ್ಟಿಗೆಯಲ್ಲಿಟ್ಟ ಮಾತ್ರಕ್ಕೆ ವಿದ್ಯೆಯು ಉಳಿಯುವುದಿಲ್ಲ. ಅದನ್ನು ಬಿಡಿಸಿ ಓದಬಲ್ಲ ಒಬ್ಬ ಹುಡುಗನಾದರೂ ಪ್ರತಿಯೊಂದು ತಲೆಮಾರಿನಲ್ಲಿಯೂ ಸಿದ್ಧನಾಗುತ್ತಿರಬೇಕು. ಈ ಮಾತನ್ನು ಮಹಾಜನರು ಮನಸ್ಸಿಗೆ ತಂದುಕೊಳ್ಳುವರೆಂದು ನಂಬಿ ಈ ಉಪನ್ಯಾಸವನ್ನು ಮುಗಿಸಲಾಗುತ್ತದೆ.