ಮಣ್ಣಿನೊಳಗಣ ಮದ್ದು

ಚಾಂಪಿಯನ್ ರೀಫ್ಸಿನಲ್ಲಿ ಚಿನ್ನಕ್ಕಾಗಿ 3 ಕಿಲೋಮೀಟರಿಗೂ ಆಳಕ್ಕೆ ನೆಲವನ್ನು ಅಗೆದುದನ್ನು ನಾವು ಬಲ್ಲೆವು. ಮೇಲ್ಮಣ್ಣಿನಲ್ಲಿಯೂ ಐಶ್ವರ್ಯವುಂಟೆಂದು ತೋರಿಸಿದವರು ನಮ್ಮ ನಾಡಿನ ಎಂ. ಜೆ. ತಿರುಮಲಾಚಾರ್ಯರು. ಅವರು ಮೊದಲು ಪೈರಿನ ರೋಗಗಳನ್ನು ಅಭ್ಯಸಿಸಿದರು. ಕೋಲಾರ ಸೀಮೆಯ ಜನಕ್ಕೆ ಅನ್ನವಾದ ರಾಗಿಯ ಕಾಳನ್ನು ಉಬ್ಬಿಸಿ ಕರಿಯ ಪುಡಿಯಾಗಿಸುವ ಕಾಡಿಗೆರೋಗದ ಶಿಲೀಂಧ್ರವು ಯಾವ ಕುಲದ್ದೆಂಬುದನ್ನು, ಬಿ. ಬಿ. ಮುಂಡ್ಕೂರರೊಡನೆ 1946ರಲ್ಲಿ ನಿರ್ಣಯಿಸಿದರು.

ಬೆಳೆಯ ಶತ್ರುವನ್ನರಿತ ಆ ವಿದ್ಯೆಯೇ ಮುಂದೆ ಮನುಷ್ಯನಿಗೂ ನೆರವಾಯಿತು. ಪೆನಿಸಿಲಿನ್ನು ಬ್ಯಾಕ್ಟೀರಿಯಗಳನ್ನು ಕೊಲ್ಲುವುದೇ ಹೊರತು ಶಿಲೀಂಧ್ರಗಳನ್ನಲ್ಲ. ಪುಣೆಯ ಬಳಿ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯಲ್ಲಿ ಅವರೂ ಸಂಗಡಿಗರೂ ಮಣ್ಣಿನ ಸೂಕ್ಷ್ಮಜೀವಿಯೊಂದನ್ನು ಬೆಳೆಸಿ, ಶಿಲೀಂಧ್ರಗಳನ್ನು ಅಡಗಿಸುವ ಹ್ಯಾಮೈಸಿನ್ ಎಂಬ ಮದ್ದನ್ನು 1961ರಲ್ಲಿ ಪ್ರಕಟಿಸಿದರು. ಅದು ರೋಗಿಗೆ, ಬಳಿಕ ಬಂದ ಆರಿಯೋಫಂಜಿನ್ ಪೈರಿಗೆ.

ಆದುದರಿಂದ ಗಿಡದ ರೋಗವನ್ನು ರೈತನೊಬ್ಬನ ಕಷ್ಟವೆಂದು ಎಣಿಸದಿರೋಣ. ಅದನ್ನು ಬಲ್ಲವರೇ ನಮ್ಮ ರೋಗಕ್ಕೂ ಮದ್ದನ್ನು ಅರಸಿದರು.