ಕೈಗೆ ಬಂದ ಕಾಸು



ಮುಂಗಾರು ಶುರುವಾದರೆ ಸಣ್ಣ ರೈತನ ಮನೆಯಲ್ಲಿ ಕಾಸಿಗೆ ಬರ. ಬಿತ್ತನೆ ಬೀಜ, ಗೊಬ್ಬರ, ಮಕ್ಕಳ ನೋಟ್‌ಬುಕ್ಕು, ಎಲ್ಲಕ್ಕೂ ಒಟ್ಟಿಗೇ ದುಡ್ಡು ಬೇಕು. ಇಂಥ ಹೊತ್ತಿನಲ್ಲೇ ಮನೆಯೊಡತಿಯ ಓಲೆ ಗಿರವಿ ಅಂಗಡಿ ಸೇರುವುದು.

ಈ ಕಷ್ಟಕ್ಕೆ ಸರ್ಕಾರದ ಎರಡು ಯೋಜನೆಗಳು ತುಸು ಆಸರೆ. 2019ರಲ್ಲಿ ಆರಂಭವಾದ ಪಿಎಂ ಕಿಸಾನ್ ಯೋಜನೆ ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತಿನಲ್ಲಿ ರೈತ ಕುಟುಂಬದ ಖಾತೆಗೆ ಹಾಕುತ್ತದೆ. 2023ರ ಆಗಸ್ಟ್‌ನಲ್ಲಿ ಚಾಲನೆಗೊಂಡ ಕರ್ನಾಟಕದ ಗೃಹಲಕ್ಷ್ಮಿ, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತದೆ. ಇಷ್ಟರಲ್ಲಿ ಬೇಸಾಯದ ಖರ್ಚೆಲ್ಲ ನೀಗದು, ನಿಜ. ಆದರೆ ಒಂದು ಚೀಲ ಗೊಬ್ಬರ, ಸಂಘದ ಕಂತು, ಅತ್ತೆಯ ಬಿಪಿ ಮಾತ್ರೆಗಾಗಿ ಆ ತಾಯಿ ಯಾರ ಮುಂದೆಯೂ ಕೈಯೊಡ್ಡಬೇಕಿಲ್ಲ, ಗಂಡನ ಮುಂದೆಯೂ.

ಕೊರತೆಗಳೂ ಇವೆ. ಪಹಣಿಯಲ್ಲಿ ಹೆಸರಿಲ್ಲದ ಗೇಣಿದಾರನಿಗೆ ಕಿಸಾನ್ ಹಣ ದಕ್ಕುವುದಿಲ್ಲ. ಕಂತು ತಡವಾದರೆ ಬಿತ್ತನೆಯ ಹದ ಕಾಯುವುದಿಲ್ಲ. ಮತ್ತೆ ಬಡ್ಡಿ ಸಾಲವೇ ಗತಿ.

ಆದರೂ ಈ ಹಣವನ್ನು ಬಿಟ್ಟಿ ದುಡ್ಡೆಂದು ಹೀಗಳೆಯುವ ಮುನ್ನ ಯೋಚಿಸೋಣ. ಬೆಳೆಗೆ ನ್ಯಾಯವಾದ ಬೆಲೆ ಸಿಗುವವರೆಗೆ ಈ ನೆರವು ಅನ್ನದಾತರಿಗೆ ನಾವು ಸಲ್ಲಿಸಬೇಕಾದ ಋಣ. ಅದು ಹೊತ್ತಿಗೆ ಸರಿಯಾಗಿ, ದುಡಿಯುವ ಪ್ರತಿ ಕೈಗೂ ತಲುಪಲಿ.