ಹೊಸ ಬಟ್ಟೆ ಕೊಳ್ಳುವ ಮುನ್ನ

(ಕಳಲೆಯಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)

 

ಶಿಕ್ಷಣದ ಮಹತ್ವದ ಬಗ್ಗೆ ಮಾತನಾಡಿ ಎಂದು ಸಂಘದವರು ಹೇಳಿದ್ದರು. ಆ ವಿಷಯವನ್ನು ನೀವು ಪ್ರತಿ ವರ್ಷವೂ ಕೇಳುತ್ತೀರಿ. ಆದ್ದರಿಂದ ನಾನು ಇಂದು ಬಟ್ಟೆಯ ಬಗ್ಗೆ ಮಾತನಾಡುತ್ತೇನೆ. ನಗಬೇಡಿ. ನಮ್ಮಂಥ ಮನೆಗಳಲ್ಲಿ ಬಟ್ಟೆಯ ದುಡ್ಡು ಮತ್ತು ಓದಿನ ದುಡ್ಡು ಒಂದೇ ಡಬ್ಬಿಯಿಂದ ಬರುತ್ತವೆ.

ಕೆಲವು ವರ್ಷಗಳ ಹಿಂದೆ ನಾನು ತರಗತಿಯಲ್ಲಿ ಸರಳತೆಯ ಬಗ್ಗೆ ಪಾಠ ಮಾಡಿದೆ. ಉಡುಪಿನಿಂದ ಮನುಷ್ಯ ದೊಡ್ಡವನಾಗುವುದಿಲ್ಲ, ಗುಣದಿಂದ ದೊಡ್ಡವನಾಗುತ್ತಾನೆ ಎಂದೆಲ್ಲ ಹೇಳಿದೆ. ಒಂದು ವಾರದ ನಂತರ ಶಾಲಾ ವಾರ್ಷಿಕೋತ್ಸವ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಬರಲಿಲ್ಲ. ಕನ್ನಡ ಪ್ರಬಂಧದಲ್ಲಿ ಮೊದಲ ಬಹುಮಾನ ಅವಳದೇ ಆಗಿತ್ತು. ಮರುದಿನ ಕೇಳಿದಾಗ ತಲೆ ತಗ್ಗಿಸಿ, "ಮಿಸ್, ಯೂನಿಫಾರಂ ಬಿಟ್ಟರೆ ಹಾಕ್ಕೊಳ್ಳೋಕೆ ಚೆನ್ನಾಗಿರೋದು ಒಂದೂ ಇಲ್ಲ" ಎಂದಳು. ಆ ಸಮಾರಂಭಕ್ಕೆ ನಾನೇ ಹೊಸ ಸೀರೆ ಉಟ್ಟು ಹೋಗಿದ್ದೆ! ಅಂದಿನಿಂದ ನಾನು ಮಕ್ಕಳಿಗೆ "ಹೊಸ ಬಟ್ಟೆ ಯಾಕೆ ಬೇಕು" ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಇದ್ದವರು ಬೇಡವೆನ್ನುವುದು ಸರಳತೆ. ಇಲ್ಲದವರಿಗೆ ಅದನ್ನು ಉಪದೇಶ ಮಾಡುವುದು ಸುಲಭ, ಆದರೆ ಸರಿಯಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ನಾನು ಬಿ.ಎಡ್. ಓದುತ್ತಿದ್ದ ವರ್ಷ ಚಿಕ್ಕಪ್ಪನ ಮಗಳ ಮದುವೆ ಬಂತು. ಎಲ್ಲರೂ ಹೊಸದು ಹಾಕುತ್ತಾರೆಂದು ಹಟ ಹಿಡಿದೆ. ಅಬ್ಬಾ ಅಂಗಡಿಯಲ್ಲಿ ಸಾಲ ಹೇಳಿ ಜರಿ ಕೆಲಸದ ಡ್ರೆಸ್ ಕೊಡಿಸಿದರು. ಆ ಸಾಲ ತೀರುವ ಮೊದಲೇ ಪರೀಕ್ಷಾ ಶುಲ್ಕದ ದಿನ ಬಂತು. ಅಮ್ಮಿ ತಮ್ಮ ಕಿವಿಯ ಓಲೆ ಗಿರವಿ ಇಟ್ಟರು. ಆ ಡ್ರೆಸ್ಸನ್ನು ನಾನು ಒಟ್ಟು ಮೂರು ಸಲ ಹಾಕಿದ್ದೇನೆ. ಓಲೆ ಬಿಡಿಸಿಕೊಳ್ಳಲು ಎರಡು ವರ್ಷ ಬೇಕಾಯಿತು.

ಹಾಗಾದರೆ ಹೊಸ ಬಟ್ಟೆ ಕೊಳ್ಳಬೇಕೋ ಬೇಡವೋ? ಈ ತೀರ್ಮಾನವನ್ನು ಅಂಗಡಿಯಲ್ಲಿ ಮಾಡಬೇಡಿ, ಮನೆಯಲ್ಲಿ ಕುಳಿತು ಮಾಡಿ. ಅಂಗಡಿಯವರು ಹತ್ತು ಬಟ್ಟೆ ಬಿಡಿಸಿ ಹಾಕಿದ ಮೇಲೆ ಬೇಡವೆನ್ನುವ ಧೈರ್ಯ ಯಾರಿಗಿದೆ? 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಮೈಸೂರಿನ ಸಯ್ಯಾಜಿ ರಾವ್ ರಸ್ತೆಗೆ ಹೋಗಿ ಬರಲು ಖರ್ಚಿಲ್ಲದಿರಬಹುದು, ಆದರೆ ಅಲ್ಲಿಯ ಅಂಗಡಿಗಳು ಉಚಿತವಲ್ಲ.

ಮನೆಯಲ್ಲಿ ಒಂದು ಹಾಳೆ ತೆಗೆದುಕೊಂಡು ಮೂರು ಪ್ರಶ್ನೆ ಬರೆಯಿರಿ.

ಮೊದಲನೆಯದು: ಪೆಟ್ಟಿಗೆಯಲ್ಲಿ ಏನಿದೆ? ಈದ್ ದಿನ ಸ್ನಾನ ಮಾಡಿ, ನಮ್ಮಲ್ಲಿ ಇದ್ದುದರಲ್ಲಿ ಉತ್ತಮವಾದ ಬಟ್ಟೆ ಧರಿಸುವುದು ಸಂಪ್ರದಾಯ. ಅದು ಹೊಸದೇ ಆಗಿರಬೇಕೆಂಬ ಕಡ್ಡಾಯವಿಲ್ಲ. ಹಬ್ಬದ ನಮಾಜಿಗೆ ಮೊದಲು ಕೊಡಲೇಬೇಕಾದದ್ದು ಫಿತ್ರಾ. ಬಡವರ ಮನೆಯಲ್ಲೂ ಅಂದು ಹಬ್ಬವಾಗಲಿ ಎಂಬುದೇ ಅದರ ಉದ್ದೇಶ.

ಎರಡನೆಯದು: ಇದನ್ನು ಎಷ್ಟು ಸಲ ಹಾಕುತ್ತೇನೆ? 2,400 ರೂಪಾಯಿಯ ಮಿಂಚುವ ಡ್ರೆಸ್ಸನ್ನು ಮೂರು ಸಲ ಹಾಕಿದರೆ ಒಂದು ಸಲಕ್ಕೆ 800 ರೂಪಾಯಿ. ಹೊಲಿಗೆ ಕೂಲಿ ಸೇರಿ 1,200 ರೂಪಾಯಿಯ ಹತ್ತಿ ಸಲ್ವಾರನ್ನು 60 ಸಲ ಹಾಕಿದರೆ ಒಂದು ಸಲಕ್ಕೆ ಬರೀ 20 ರೂಪಾಯಿ. ಬೆಲೆ ಹೆಚ್ಚಿದ್ದೆಲ್ಲ ದುಂದು ಎಂದಲ್ಲ. ತಿ. ನರಸೀಪುರದ ಸರ್ಕಾರಿ ಕಾರ್ಖಾನೆಯಲ್ಲಿ ತೆಗೆದ ರೇಷ್ಮೆ ನೂಲು ಮೈಸೂರಿನಲ್ಲಿ 1912ರಲ್ಲಿ ಆರಂಭವಾದ ನೇಯ್ಗೆ ಕಾರ್ಖಾನೆಗೆ ಹೋಗಿ ಮೈಸೂರು ಸಿಲ್ಕ್ ಆಗುತ್ತದೆ. ತಾಯಿ ಉಟ್ಟ ಆ ಸೀರೆಯನ್ನು ಮಗಳೂ ಉಡುತ್ತಾಳೆ. ಬಾಳಿಕೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೂರನೆಯದು: ದುಡ್ಡು ಎಲ್ಲಿಂದ? ಕೈಯಲ್ಲಿರುವ ದುಡ್ಡೋ, ಕಂತಿನ ದುಡ್ಡೋ? 2025ರ ಆರಂಭದಲ್ಲಿ ನಮ್ಮ ನಂಜನಗೂಡು ತಾಲ್ಲೂಕಿನ ಹಳ್ಳಿಗಳಲ್ಲೇ ಕಿರುಸಾಲದ ಕಂತು ಕಟ್ಟಲಾಗದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಕಿರುಕುಳ ತಡೆಯಲು ಅದೇ ವರ್ಷ ಸರ್ಕಾರ ಕಾನೂನನ್ನೇ ತಂದಿತು. ಸಾಲ ಕಾಯಿಲೆಗೆ, ಬೀಜ ಗೊಬ್ಬರಕ್ಕೆ ಅನಿವಾರ್ಯವಾಗಬಹುದು. ಬಟ್ಟೆಗೆ ಬೇಡ.

ದುಡ್ಡು ಕೂಡಿಡಲು ದಾರಿಯಿದೆ. ಈದ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ. 2017 ಮತ್ತು 2018ರಲ್ಲಿ ಈದುಲ್ ಫಿತ್ರ್ ಜೂನ್‌ನಲ್ಲಿ, ಶಾಲೆ ತೆರೆಯುವ ಕಾಲಕ್ಕೇ ಬಂದಿತ್ತು. ಬಟ್ಟೆ, ಪುಸ್ತಕ, ಶುಲ್ಕ ಎಲ್ಲ ಒಟ್ಟಿಗೆ ಬಿದ್ದು ಮನೆಯವರು ಬಹಳ ಕಷ್ಟಪಟ್ಟರು. 2025ರಲ್ಲಿ ಅದು ಮಾರ್ಚ್ 31ಕ್ಕೆ ಬಂತು. ಹಬ್ಬ ಯಾವಾಗ ಬರುತ್ತದೆಂದು ವರ್ಷ ಮೊದಲೇ ಗೊತ್ತಿರುವಾಗ ತಿಂಗಳಿಗೆ 100 ರೂಪಾಯಿ ಎತ್ತಿಟ್ಟರೂ ಹನ್ನೆರಡು ತಿಂಗಳಿಗೆ 1,200 ಆಗುತ್ತದೆ. ಓದಿನ ದುಡ್ಡಿಗೆ ಬೇರೆ ಡಬ್ಬಿ ಇಡಿ. ಆ ಡಬ್ಬಿಗೆ ಹಬ್ಬದ ದಿನವೂ ಕೈ ಹಾಕಬೇಡಿ.

ತಾಯಂದಿರಿಗೆ ಒಂದು ಸಲಹೆ. ರಂಜಾನ್ ಬಂತೆಂದರೆ ಟೈಲರುಗಳು ಹೊಸ ಬಟ್ಟೆ ಹಿಡಿಯುವುದಿಲ್ಲ. ಆಗ ರೆಡಿಮೇಡ್ ಅಂಗಡಿಯವರು ಹೇಳಿದ್ದೇ ಬೆಲೆ. ಷಬೇ ಬರಾತ್ ಹೊತ್ತಿಗೇ ಬಟ್ಟೆ ತಂದು ಹೊಲಿಯಲು ಕೊಡಿ. ಹತ್ತಿ ಬಟ್ಟೆಯಾದರೆ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ, ಇಲ್ಲವಾದರೆ ಹೊಲಿದ ಮೇಲೆ ಕುಗ್ಗುತ್ತದೆ. ಬೆಳೆಯುವ ಮಕ್ಕಳಿಗೆ ಹೊಲಿಗೆಯ ಒಳಗೆ ಸ್ವಲ್ಪ ಬಟ್ಟೆ ಬಿಡಿಸಿ, ಮುಂದಿನ ವರ್ಷಕ್ಕೂ ಆಗುತ್ತದೆ.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ಮುಂದಿನ ವರ್ಷ ನಾವು ಶಿಕ್ಷಕರು ಸೇರಿ, ವಾರ್ಷಿಕೋತ್ಸವಕ್ಕೆ ಎಲ್ಲ ಮಕ್ಕಳೂ ಯೂನಿಫಾರಂನಲ್ಲೇ ಬರಬೇಕೆಂದು ತೀರ್ಮಾನಿಸಿದೆವು. ಅವಳು ಬಂದಳು, ವೇದಿಕೆ ಹತ್ತಿ ಬಹುಮಾನ ತೆಗೆದುಕೊಂಡಳು. ಅದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಸಂಘದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ನಮ್ಮ ಬಹುಮಾನ ವಿತರಣೆಯಲ್ಲೂ ಹೀಗೆಯೇ ಮಾಡೋಣ. ಬಟ್ಟೆಯಿಲ್ಲವೆಂದು ಒಂದು ಮಗುವೂ ಮನೆಯಲ್ಲಿ ಉಳಿಯಬಾರದು, ಬಟ್ಟೆಗಾಗಿ ಒಂದು ಮಗುವಿನ ಶುಲ್ಕವೂ ತಪ್ಪಬಾರದು.